ಬಾಯಿಬಡುಕಿ ಬೆಕ್ಕು ಬೇಡವೆಂದಿದ್ದೆ

ಬೆಕ್ಕನ್ನು ಆರಿಸಿದವಳು ನಾನೇ, ತಪ್ಪೂ ನನ್ನದೇ. ಈಗ ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ತುಟಿ ಬಿಚ್ಚಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ನನ್ನ ತಮ್ಮ ಬುನ್‌ಲ್ಯೂನ ಮಗಳು ಪಿಕುನ್ ಅಪ್ಪನನ್ನು ಜೊತೆಗಿಟ್ಟುಕೊಳ್ಳಲು ಬ್ಯಾಂಕಾಕಿನಲ್ಲಿ ಹದಿನಾಲ್ಕನೇ ಮಹಡಿಯ ಫ್ಲ್ಯಾಟು ಹಿಡಿದಳು. ನಮ್ಮ ಪದ್ಧತಿಯಲ್ಲಿ ಹೊಸ ಮನೆಯ ಹೊಸ್ತಿಲನ್ನು ಮೊದಲು ಬೆಕ್ಕು ದಾಟಬೇಕು, ಆಮೇಲೆ ನಾವು. ಬೆಕ್ಕಿಲ್ಲದೆ ಒಳಗೆ ಕಾಲಿಡುವುದುಂಟೆ? ಆದರೆ ಅಲ್ಲಿನ ಗೋಡೆಗಳು ಹಪ್ಪಳದಷ್ಟು ತೆಳ್ಳಗೆ. ಸದ್ದಾಗುತ್ತದೆಂದು ಯಾರಾದರೂ ಒಂದು ದೂರು ಬರೆದುಕೊಟ್ಟರೆ ಬೆಕ್ಕು ಹೊರಗೆ ಹೋಗಬೇಕು.

ನಮ್ಮೂರು ಪಿಮಾಯಿಯ ವಿಹಾರದಲ್ಲಿ ಎರಡು ಬೆಕ್ಕುಗಳಿದ್ದವು. ಇಂಥವನ್ನು ನಮ್ಮಲ್ಲಿ ಮಾರುವುದಿಲ್ಲ, ಕೇಳಿ ಪಡೆಯಬೇಕು. ಒಂದು ಮಳೆಮೋಡದ ಬಣ್ಣದ ಸೀಸವಾತ್ ಜಾತಿಯದು, ತುಟಿಪಿಟಕ್ ಅನ್ನದ್ದು. ಇನ್ನೊಂದು ವಿಚಿಯನ್‌ಮಾತ್ ಜಾತಿಯದು, ಕೆನೆ ಮೈ, ಕರಿ ಮುಖ, ನೀಲಿ ಕಣ್ಣು. ಅದರ ಬಾಯೋ, ಅಬ್ಬಬ್ಬಾ! ನಾವು ಒಳಗೆ ಬಂದಾಗಿನಿಂದ ಒಂದೇ ಸಮ ಬೈಯುತ್ತಿತ್ತು.

"ಇದು ಏನೋ ಕೇಳ್ತಿದೆ ಅಕ್ಕಾ," ಅಂದ ಬುನ್‌ಲ್ಯೂ.

"ಕೇಳ್ತಿರೋದು ಏಟು. ಇದನ್ನ ಕರ್ಕೊಂಡು ಹೋದ್ರೆ ನಮ್ಮನ್ನೂ ಸೇರಿಸಿ ಹೊರಗೆ ಹಾಕ್ತಾರೆ!" ಫ್ಲ್ಯಾಟಿಗೆ ಹೇಳಿ ಮಾಡಿಸಿದ ಜಾತಿ ಅಂತ ಬೂದಿಬಣ್ಣದ್ದನ್ನೇ ಎತ್ತಿಕೊಂಡೆ.

ಸಕ್ಕರೆ ಕಾಯಿಲೆಯಿಂದ ನನ್ನ ತಮ್ಮನ ಎರಡೂ ಕಣ್ಣು ಹೋಗಿ ವರ್ಷವಾಗಿತ್ತು. ಮೂವತ್ತು ವರ್ಷ ಕಾಲುವೆಯಲ್ಲಿ ದೋಣಿ ಓಡಿಸಿದವನು ಯಾರದಾದರೂ ಕೈ ಹಿಡಿಯದೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪಿಕುನ್‌ಗೆ ಸಿಕ್ಕಿದ್ದು ಒಂದೇ ತಿಂಗಳ ರಜೆ. ಅಷ್ಟರಲ್ಲಿ ಅವನು ಹಗಲು ಒಬ್ಬನೇ ಇರುವುದನ್ನು ಕಲಿಯಬೇಕು, ಇಲ್ಲದಿದ್ದರೆ ಅವಳು ಕೆಲಸ ಬಿಡಬೇಕು. "ನನ್ನನ್ನ ವಿಹಾರಕ್ಕೆ ಸೇರಿಸಿಬಿಡಿ" ಅಂತ ದಿನಾ ಅನ್ನುತ್ತಿದ್ದ. ಆ ತಿಂಗಳು ನಾನೂ ಅಲ್ಲೇ ಉಳಿದೆ.

ಮೂರನೇ ದಿನ ಧೈರ್ಯಮಾಡಿ ಎದ್ದು ಎರಡು ಹೆಜ್ಜೆ ಇಟ್ಟ. ದಾರಿಯಲ್ಲಿ ಬೆಕ್ಕು ಸದ್ದಿಲ್ಲದೆ ಮಲಗಿತ್ತು. ತುಳಿದ, ಅದು ಚಿಮ್ಮಿತು, ಇವನು ದಬಕ್ಕನೆ ಬಿದ್ದ. ಬೆಕ್ಕಿಗೆ ಗಂಟೆ ಕಟ್ಟಿದ್ದೂ ಆಯಿತು. ಆದರೆ ಮಲಗಿದ ಬೆಕ್ಕಿನ ಗಂಟೆ ಬಾರಿಸುವವರು ಯಾರು? ಅಂದಿನಿಂದ ಅವನು ಏಳಲೇ ಇಲ್ಲ.

ರಜೆ ಮುಗಿಯಲು ಎಂಟು ದಿನ ಉಳಿದಾಗ ಹೇಳಿದ, "ಅಕ್ಕಾ, ಆ ಬೈಯೋ ಬೆಕ್ಕನ್ನ ತಗೊಂಬಾ. ಅದು ಎಲ್ಲಿದೆ ಅಂತ ನಂಗೆ ಗೊತ್ತಾಗ್ತಿತ್ತು."

"ತಲೆ ಕೆಟ್ಟಿದೆಯೇನೋ? ಒಂದೇ ದಿನಕ್ಕೆ ದೂರು ಬರುತ್ತೆ!"

"ಬರ್ಲಿ ಬಿಡೆ. ಆ ಒಂದು ದಿನ ಆದ್ರೂ ನಡೀತೀನಿ."

ಮರುದಿನವೇ ಊರಿಗೆ ಬಸ್ಸು ಹತ್ತಿದೆ. ಬೂದಿಬಣ್ಣದ್ದನ್ನು ಪಿಮಾಯಿಯ ನನ್ನ ಮನೆಯಲ್ಲಿ ಬಿಟ್ಟು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿದೆ. ನಾನಿರುವ ಮನೆಗೆ ಮಾತಾಡದ ಬೆಕ್ಕೇ ಸರಿ.

ವಿಹಾರದಿಂದ ಕೇಳಿ ತಂದ ಬಾಯಿಬಡುಕಿ ಹೊಸ್ತಿಲು ದಾಟಿದ್ದೇ ಕಿರುಚುತ್ತಾ. ಮೀನಿನ ವಾಸನೆಗೆ ನೇರ ಅಡುಗೆಮನೆಗೆ ಹೋಯಿತು.

"ಎಲ್ಲಿದ್ದೀಯೇ?" ಅಂದ ಬುನ್‌ಲ್ಯೂ.

ಅದು ಉತ್ತರ ಕೊಟ್ಟಿತು. ಅವನು ಎದ್ದು ನಿಂತ. ಮತ್ತೆ ಕೇಳಿದ, ಮತ್ತೆ ಹೇಳಿತು. ಮೇಜು ತಡೆದು ನಿಂತಾಗ ಅವನ ಕಾಲ ಬಳಿ ಬಂದು ಕೂಗಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ಕಾದಿತು. ಹೊಟ್ಟೆಪಾಡಿಗೆ ಕರೆಯುತ್ತಿದೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು. ಹಾಗೆ ತಿರುಗಿ ಕಾಯುವುದನ್ನು ಅದಕ್ಕೆ ಹೇಳಿಕೊಟ್ಟವರು ಯಾರು? ನಾನೂ ಪಿಕುನ್ನೂ ದಾರಿ ಬಿಟ್ಟು ಗೋಡೆಗೆ ಒರಗಿದೆವು.

ಅದು ಬಂದ ಐದನೇ ದಿನ ಯಾರೋ ಬಾಗಿಲನ್ನು ದಬದಬ ಬಡಿದರು. "ಯಾರಿದ್ದೀರಿ? ದೂರು ಬರೆದಿದ್ದೀನಿ, ಓದ್ಕೊಳ್ಳಿ!" ಎದುರುಮನೆ ಮಾಲಿವನ್‌ಳ ದನಿ. ನನ್ನ ಕೈತುಂಬ ಮೀನಿನ ಹುರುಪೆ, ಪಿಕುನ್ ಬಚ್ಚಲಲ್ಲಿ. ಬೆಕ್ಕು ಬಾಗಿಲ ಹತ್ತಿರ ಗಂಟಲು ಹರಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಚಿಲಕ ತೆಗೆದ ಸದ್ದು.

ಓಡಿ ಬಂದು ನೋಡುತ್ತೇನೆ, ಬಾಗಿಲಲ್ಲಿ ನನ್ನ ತಮ್ಮ! ಕುರ್ಚಿಯಿಂದ ಅಲ್ಲಿಗೆ ಎರಡು ತಿರುವು. ಯಾರೂ ಕೈ ಹಿಡಿದಿರಲಿಲ್ಲ.

ಮಾಲಿವನ್ ಚಾಚಿದ ಕಾಗದ ಹಾಗೇ ನಿಂತಿತ್ತು. ಅವನಿಗೆ ಅದು ಕಾಣದು.

"ಸದ್ದು ಜಾಸ್ತಿ ಆಯ್ತಾ ತಂಗಿ? ಕ್ಷಮಿಸಮ್ಮಾ. ಇವಳು ಬಾಯಿ ಮುಚ್ಚಿದ್ರೆ ನಂಗೆ ದಾರಿ ಗೊತ್ತಾಗಲ್ಲ."

"ಬಾಗಿಲು... ನೀವೇ ತೆಗೆದ್ರಾ ಅಣ್ಣಾ?"

"ಇವಳು ಕರ್ಕೊಂಡು ಬಂದ್ಲು."

ಮಾಲಿವನ್ ಬೆಕ್ಕನ್ನು ನೋಡಿದಳು, ಅವನ ಕಣ್ಣು ನೋಡಿದಳು, ಕಾಗದವನ್ನು ನಾಲ್ಕಾಗಿ ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. "ಕೂಗ್ಲಿ ಬಿಡಿ," ಅಂದಳು.

ಬುದ್ಧನ ಮುಂದೆ ಮುಗಿದಂತೆ ಆ ಬೆಕ್ಕಿಗೆ ಕೈ ಮುಗಿದೆ, ಹುರುಪೆ ಮೆತ್ತಿದ ಕೈಯಲ್ಲೇ.

"ಅಕ್ಕಾ," ಅಂದ ಬುನ್‌ಲ್ಯೂ, "ಈ ಬಾಗಿಲಿಂದ ಆಚೆ ಎಷ್ಟು ದೂರ ಇದೆ?"

"ಲಿಫ್ಟಿನ ತನಕ ಕಣೋ," ಅಂದೆ.

"ಹಾಗಾದ್ರೆ ಹೋಗ್ಬರ್ತೀನಿ," ಅಂದು ಹೊಸ್ತಿಲು ದಾಟಿದ.