ಐದನೆಯ ಫಾರಂ

ಮೊದಲು ಬರುವುದು ಕಿತ್ತಳೆ ಸಿಪ್ಪೆಯ ವಾಸನೆ. ಪುಸ್ತಕ ಕಟ್ಟುವ ಆ ಕೋಣೆಯಲ್ಲಿ ಅಂಟು, ಕಾಗದ ಬಿಟ್ಟರೆ ಬೇರೆ ವಾಸನೆಯೇ ಇಲ್ಲ, ಆದರೂ ಬರುತ್ತದೆ. ಆಮೇಲೆ ಕಿಟಕಿಯ ಬೆಳಕು ಜೇನಿನಂತೆ ಮಂದವಾಗಿ ಮೇಜಿನ ಮೇಲೆ ಇಳಿಯುತ್ತದೆ. ಇದೆಲ್ಲ ಹಿಂದೊಮ್ಮೆ ನಡೆದಿತ್ತಲ್ಲ ಎಂದು ಅಲ್ಲಿ ಹೊಲಿಗೆ ಹಾಕುವ ಹುಡುಗಿ ಗುಬ್ಬಿಗೆ ಅನ್ನಿಸುತ್ತದೆ. ಮತ್ತೆ ಕಣ್ಣು ತಿಳಿಯಾದಾಗ ಕೈಯಲ್ಲಿ ಸೂಜಿ ಇದ್ದೇ ಇರುತ್ತದೆ. ನಡುವಿನ ಒಂದೆರಡು ನಿಮಿಷ ಮಾತ್ರ ಎಲ್ಲಿಯೂ ಇರುವುದಿಲ್ಲ.

ಅದು ಅಪಸ್ಮಾರ, ಮಿದುಳಿನೊಳಗೆ ಮಿಂಚು ಹೊಡೆದಂತೆ ಎಂದಿದ್ದರು ಡಾಕ್ಟರು. ಹೊತ್ತುಹೊತ್ತಿಗೆ ಮಾತ್ರೆ, ಕಣ್ತುಂಬ ನಿದ್ದೆ. "ಎಷ್ಟು ಸಲ ಬರುತ್ತೆ ಬರೆದಿಡಮ್ಮ, ಮಾತ್ರೆಯ ಅಳತೆಗೆ ಅದು ಬೇಕು." ತಾನಿಲ್ಲದ ಹೊತ್ತನ್ನು ತಾನೇ ಹೇಗೆ ಬರೆಯುವುದು? ಹಿಂದಿನ ಕೆಲಸದಲ್ಲಿ ವಿಷಯ ತಿಳಿದೊಡನೆ, ವಿಶ್ರಾಂತಿ ತಗೋ ಎಂದು ನಯವಾಗಿ ಮನೆಗೆ ಕಳಿಸಿದ್ದರು. ಇಲ್ಲಿ ಅವಳು ತುಟಿ ಬಿಚ್ಚಿರಲಿಲ್ಲ.

"ಗುಬ್ಬಿ, ಸೋಮವಾರದಿಂದ ಕಟಿಂಗ್ ಮಷೀನಿಗೆ ಬಾ. ನಿನ್ನ ಕೈ ನೇರ ಇದೆ," ಎಂದರು ಯಜಮಾನರು.

ಗುಬ್ಬಿ ಮಷೀನಿನತ್ತ ನೋಡಿದಳು. ಆ ಬ್ಲೇಡಿಗೆ ಕಾಗದವೂ ಒಂದೇ, ಬೆರಳೂ ಒಂದೇ. ಒಲ್ಲೆ ಎಂದರೆ ಯಾಕೆಂದು ಹೇಳಬೇಕು. ಹೇಳಿದರೆ ಈ ಕೆಲಸವೂ ಹೋದೀತು.

ಅಷ್ಟರಲ್ಲಿ ಯಜಮಾನರು ಅವಳು ಆಗಷ್ಟೇ ಹೊಲಿದಿಟ್ಟ ಪುಸ್ತಕ ತಿರುವಿದರು. "ಇದೇನು, ಅರವತ್ನಾಲ್ಕು ಆದ್ಮೇಲೆ ಎಂಬತ್ತೊಂದು? ಐದನೇ ಫಾರಂ ಎಲ್ಲಿ ಹೋಯ್ತು?"

ಹದಿನಾರು ಪುಟಗಳ ಆ ಮಡಿಕೆ ಅವಳ ಮಡಿಲಲ್ಲೇ ಬೆಚ್ಚಗೆ ಕೂತಿತ್ತು.

"ಎಣಿಸಿ ಕೊಟ್ಟದ್ದು ನಾನು. ತಪ್ಪು ನಂದೇ," ಎಂದಳು ಅಂಟಕ್ಕ. ವರ್ಷಗಟ್ಟಲೆ ಅಂಟು ಕಲಸಿಯೇ ಆ ಹಿರಿಯಳಿಗೆ ಆ ಹೆಸರು ಬಂದಿತ್ತು.

ಆ ಸುಳ್ಳಿನ ಮಮತೆ ತಿಳಿದ ಗುಬ್ಬಿ ಮಡಿಲಿನ ಮಡಿಕೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ಇಲ್ಲ ಅಕ್ಕ. ಆ ಹೊತ್ತು ನಾನು ಇಲ್ಲಿರಲಿಲ್ಲ," ಎಂದು ಕಿತ್ತಳೆಯ ವಾಸನೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು.

ಅಂಟಕ್ಕ ಎದ್ದು ಬೀರುವಿನ ಬಾಗಿಲು ತೆರೆದಳು. ಒಳಬದಿಯಲ್ಲಿ ಸೀಮೆಸುಣ್ಣದಿಂದ ತಾರೀಖು, ಗಂಟೆ ಗೀಚಿತ್ತು, ಒಟ್ಟು ಏಳು ಸಾಲು. "ನೀನು ಎತ್ತಲೋ ನೋಡ್ತಾ ಅಂಗಿ ಗುಂಡಿ ತಡಕೋದು ನೋಡಿ, ಯಾರನ್ನೋ ಪ್ರೀತಿಸ್ತಿದ್ದಾಳೆ ಅಂದ್ಕೊಂಡೆ ಕಣೇ. ಮದ್ವೆ ದಿನ ರೇಗಿಸೋಣ ಅಂತ ಬರೆದಿಟ್ಟೆ!"

"ಡಾಕ್ಟರು ಕೇಳಿದ್ದು ಇದನ್ನೇ ಅಕ್ಕ," ಎಂದ ಗುಬ್ಬಿಗೆ ಅಳುವಿನೊಳಗೇ ನಗು ಬಂತು.

ಯಜಮಾನರು ನಗಲಿಲ್ಲ. "ಬಿದ್ದುಬಿಟ್ರೆ ನಾವೇನು ಮಾಡ್ಬೇಕು?"

"ಬೀಳೋದು ಅಪರೂಪ. ಬಿದ್ರೆ ಸುತ್ತಲ ಸಾಮಾನು ಸರಿಸಿ, ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ. ಅದುಮಿ ಹಿಡೀಬೇಡಿ, ಬಾಯಿಗೆ ಏನೂ ತುರುಕಬೇಡಿ. ಅದುರೋದು ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ಆದ್ರೂ ನಿಲ್ದಿದ್ರೆ ಆಂಬುಲೆನ್ಸ್ ಕರೀರಿ."

ಅವರು ಒಳಗೆ ಹೋದರು. ಗುಬ್ಬಿ ಸೂಜಿ, ದಾರ ಎತ್ತಿಡತೊಡಗಿದಳು. ಅವರು ಮರಳಿ ಬಂದಾಗ ಕೈಯಲ್ಲಿ ಹತ್ತಿ, ರಟ್ಟಿಗೆ ಹಾಕುವ ದಪ್ಪ ಬಟ್ಟೆ ಇತ್ತು. ಮಂಡಿಯೂರಿ ಅವಳ ಮೇಜಿನ ಚೂಪು ಮೂಲೆಗೆ ಹತ್ತಿಯಿಟ್ಟು ಬಟ್ಟೆ ಅಂಟಿಸಿದರು, ಬೆಲೆಬಾಳುವ ಪುಸ್ತಕಕ್ಕೆ ಮಾಡುವಷ್ಟೇ ಅಚ್ಚುಕಟ್ಟಾಗಿ.

"ಮಷೀನು ನನಗೇ ಇರ್ಲಿ. ನೀನು ಆ ದಾರ ಬಿಚ್ಚಿ ಮತ್ತೆ ಹೊಲಿ."

ಕಿಟಕಿಯ ಬೆಳಕು ಜೇನಿನಂತೆ ಇಳಿಯುತ್ತಿತ್ತು. ಗುಬ್ಬಿ ಮೂಗರಳಿಸಿ ನೋಡಿದಳು. ಬರೀ ಅಂಟಿನ ವಾಸನೆ.