ಗಾಜಿಗೆ ಅಂಟದ ಕಾಗದ

ಮೂರನೇ ಸಲವೂ ಕಾಗದ ಜಾರಿ ಕೆಳಗೆ ಬಿತ್ತು. ಮೊದಲು ಎಡ ಮೂಲೆ ಕೈಬಿಟ್ಟಿತು, ಆಮೇಲೆ ಬಲ ಮೂಲೆ, ಆಮೇಲೆ ಇಡೀ ಹಾಳೆ ನಡು ಬಗ್ಗಿಸಿಕೊಂಡು ಗಾಜಿನ ಬಾಗಿಲಿನ ಉದ್ದಕ್ಕೂ ಗೋಂದಿನ ಗೆರೆ ಎಳೆಯುತ್ತ ಕಾಲ ಬುಡಕ್ಕೆ ಬಂದು ಕೂತಿತು. ಗೋಂದಣ್ಣ ಬಗ್ಗಿ ಎತ್ತಿಕೊಂಡ. ಮಂಡಿ ಲಟಕ್ಕೆಂದಿತು. ಗಾಜಿನ ಆಚೆ ಮೇಜಿನ ಹಿಂದೆ ಕೂತಿದ್ದ ಹೆಂಗಸು ಫೋನಿನಿಂದ ತಲೆಯೆತ್ತಿ ನೋಡಿದಳು, ಮತ್ತೆ ಫೋನಿಗೇ ಇಳಿದಳು.

"ಅದಕ್ಕೆ ಅಂಟಲ್ಲ ಅಣ್ಣ," ಅಂದ ಐದನೇ ಮಹಡಿಯ ಕಾವಲುಗಾರ, ಗೋಡೆಗೆ ಒರಗಿಕೊಂಡೇ. "ದಿನಾ ಬೆಳಗ್ಗೆ ಎಣ್ಣೆ ಥರದ್ದು ಏನೋ ಹೊಡ್ದು ಒರೆಸ್ತಾರೆ. ನೊಣ ಕೂತ್ರೂ ಜಾರುತ್ತೆ."

"ಮೂವತ್ತೊಂದು ವರ್ಷದಿಂದ ಅಂಟಿಸ್ತಾ ಇದೀನಿ. ತಗಡಿಗೆ, ಸುಣ್ಣದ ಗೋಡೆಗೆ, ಒಂದ್ಸಲ ಲಾರಿ ಬಾಗಿಲಿಗೂ."

"ಲಾರಿ ಹೊರಟ್ಹೋದ್ರೆ?"

"ಹೋಯ್ತಲ್ಲ. ಕಾಗದ ನಾಲ್ಕೂರು ಸುತ್ಕೊಂಡು ವಾಪಸ್ ಬಂತು. ಒಂದು ಮೂಲೆ ಎದ್ದಿರ್ಲಿಲ್ಲ."

ಕಾವಲುಗಾರ ನಕ್ಕ. "ನಾಳೆ ಒರೆಸೋಳು ಈ ಗೋಂದು ನೋಡಿ ನನ್ನ ಜನ್ಮ ಜಾಲಾಡ್ತಾಳೆ, ಅಷ್ಟೆ."

ತೆರಿಗೆ ಇಲಾಖೆಯ ನೋಟಿಸುಗಳನ್ನು ಜನರಿಗೆ ಮುಟ್ಟಿಸುವುದು ಗೋಂದಣ್ಣನ ಕೆಲಸ. ಹೆಗಲಿನ ಚೀಲದಲ್ಲಿ ಸದಾ ಒಂದು ಗೋಂದಿನ ಡಬ್ಬಿ, ಒಂದು ಬ್ರಷ್ಷು. ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಕೈ ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಇಬ್ಬರು ಸಾಕ್ಷಿಗಳಿಂದ ಬರೆಸಿಕೊಳ್ಳಬೇಕು. ಅವನ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಇವತ್ತಿನ ನೋಟಿಸು ಒಂದು ಹೊರದೇಶದ ಕಂಪನಿಗೆ. ಊರಿನ ಪ್ರತಿಯೊಬ್ಬರ ಫೋನಿನಲ್ಲೂ ಇರುವ ಕಂಪನಿ. ಜನ ತಮ್ಮ ಮದುವೆ, ಮಕ್ಕಳು, ಜಗಳ, ಸಾವು ಎಲ್ಲವನ್ನೂ ತಂದು ಸುರಿಯುವುದು ಅದರ ಅಂಗಳಕ್ಕೇ. ಆ ಅಂಗಳದ ಸುತ್ತ ಜಾಹೀರಾತು ಹಾಕಿಸಲು ಇಲ್ಲಿನ ಚಪ್ಪಲಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರೂ ದುಡ್ಡು ಕಟ್ಟುತ್ತಾರೆ. ಆ ದುಡ್ಡು ಕಟ್ಟಿದ ಗಳಿಗೆಯಲ್ಲೇ ಗಡಿ ದಾಟಿ ಯಾವುದೋ ದ್ವೀಪದಲ್ಲಿ ಇಳಿಯುತ್ತದೆ. ಇಲ್ಲಿ ದುಡಿದಿದ್ದಕ್ಕೆ ಇಲ್ಲಿ ತೆರಿಗೆ ಕಟ್ಟಿ ಎಂದು ಆರು ವರ್ಷದ ಲೆಕ್ಕ ಬರೆದ ನೋಟಿಸು ಅದು. ಎರಡು ಸಲ ಮರಳಿ ಬಂದಿತ್ತು. ಇವತ್ತು ಸಂಜೆ ಐದರೊಳಗೆ ಮುಟ್ಟದಿದ್ದರೆ ಗಡುವು ಮುಗಿದು ಅದು ರದ್ದಿ. ಗಂಟೆ ಎರಡೂವರೆ ಆಗಿತ್ತು.

ಒಳಗಿದ್ದ ಹೆಂಗಸಿಗೆ ಕೊನೆಗೂ ಕನಿಕರ ಬಂತೋ ಬೇಸರ ಬಂತೋ, ಎದ್ದು ಬಂದು ಬಾಗಿಲು ಅರ್ಧ ತೆರೆದಳು.

"ಸರ್, ಅಂಟಿಸಿದ್ರೂ ಪ್ರಯೋಜನ ಇಲ್ಲ. ಬೋರ್ಡು ನೋಡಿ."

ಗೋಡೆಯ ಮೇಲೆ ಬೆರಳಗಲದ ಹಿತ್ತಾಳೆ ಪಟ್ಟಿಗಳು ಸಾಲಾಗಿ ಇದ್ದವು, ಒಂದೊಂದರ ಮೇಲೂ ಒಂದೊಂದು ಕಂಪನಿಯ ಹೆಸರು, ಒಟ್ಟು ನೂರಕ್ಕೂ ಮೇಲೆ. ಅಷ್ಟಕ್ಕೂ ಇದ್ದದ್ದು ಒಂದು ಕೋಣೆ, ಒಂದು ಮೇಜು, ಒಬ್ಬ ಹೆಂಗಸು, ನೀರಿಲ್ಲದ ಒಂದು ನೀರಿನ ಯಂತ್ರ. ಹೋದ ತಿಂಗಳು ನಾಲ್ಕನೇ ಸಾಲಿನಲ್ಲಿ ನೋಟಿಸಿನ ಕಂಪನಿಯ ಹೆಸರಿದ್ದ ಜಾಗದಲ್ಲಿ ಈಗ ಎರಡು ಮೊಳೆಯ ತೂತು, ನಡುವೆ ಮಾಸದೆ ಉಳಿದ ಬಣ್ಣ.

"ಹೋದ ವಾರ ತೆಗೆಸಿದ್ರು," ಅಂದಳು.

"ಮತ್ತೆ ಎಲ್ಲಿಗೆ ಹೋದ್ರು?"

"ಬಂದಿದ್ರೆ ತಾನೇ ಹೋಗೋಕೆ? ನಾನಂತೂ ಅವರ ಕಡೆಯವರ ಮುಖ ನೋಡಿಲ್ಲ. ವಿಳಾಸ ಬಾಡಿಗೆಗೆ ತಗೊಂಡಿದ್ರು, ಬಿಟ್ರು."

ಅವಳ ಕೈಯಲ್ಲಿದ್ದ ಫೋನಿನಲ್ಲಿ ಅದೇ ಕಂಪನಿಯ ಪುಟ ತೆರೆದಿತ್ತು. ಯಾರದೋ ಮಗು ಮೊದಲ ಹೆಜ್ಜೆ ಇಡುತ್ತಿತ್ತು. ಕೆಳಗೆ ಹಾಸಿಗೆ ಅಂಗಡಿಯ ಜಾಹೀರಾತು.

"ಮುಖ ನೋಡಿಲ್ಲ," ಅಂದ ಗೋಂದಣ್ಣ, ಫೋನಿನ ಕಡೆ ಕಣ್ಣು ಹಾಯಿಸಿ.

ಅವಳು ನಾಚಿ ಫೋನು ಬೆನ್ನಿಗೆ ಮಾಡಿಕೊಂಡಳು. "ಇದು ಬೇರೆ ಸರ್."

ಅವನು ಪಕ್ಕದ ಕಿಟಕಿಗೆ ಹೋಗಿ ಇಲಾಖೆಗೆ ಫೋನು ಹಚ್ಚಿದ. ಎತ್ತಿದ್ದು ಈ ಕಡತದ ಅಧಿಕಾರಿ, ಅವನ ಮಗಳ ವಯಸ್ಸಿನ ಮೇಡಂ. ಎರಡು ವರ್ಷ ಊಟ ನಿದ್ದೆ ಬಿಟ್ಟು ನೋಟಿಸು ಬರೆದವಳು. ಹೆಸರು ತೆಗೆದಿದ್ದಾರೆ ಎಂದು ಅವನು ಹೇಳಿದ.

"ಇದು ಕೊನೇದು, ಗೊತ್ತಲ್ಲ," ಅಂದಳು. "ಮುಂದಿನ ವರ್ಷದಿಂದ ಈ ತೆರಿಗೇನೇ ಇರಲ್ಲ. ದೊಡ್ಡವರು ಹೊರದೇಶಕ್ಕೆ ಹೋಗಿ ಕೈ ಕುಲುಕಿ ಬಂದಾಯ್ತು. ಇದನ್ನ ಕೈಬಿಟ್ರೆ ನಮ್ಮ ಬೇರೆ ಸರಕಿಗೆ ಅಲ್ಲಿ ಸುಂಕ ಹಾಕಲ್ವಂತೆ. ಉಳಿದಿರೋದು ಈ ಹಳೇ ಆರು ವರ್ಷ ಒಂದೇ."

"ನನ್ನಿಂದ ಏನಾಗ್ಬೇಕು ಹೇಳಿ ಮೇಡಂ."

"ಅವರ ಕೆಲಸ ಮಾಡೋರು ಯಾರಾದ್ರೂ ಒಬ್ರು ಸಾಕು. ಕೈಗೆ ಕೊಡಿ. ತಗೊಳ್ಳಲ್ಲ ಅಂದ್ರೆ ತಗೊಳ್ಳಲಿಲ್ಲ ಅಂತ ಬರೀರಿ, ಅದೂ ಕೊಟ್ಟ ಹಾಗೇನೆ. ನನಗೆ ಬೇಕಾಗಿರೋದು ಒಂದು ಹೆಸರು." ಆಮೇಲೆ ದನಿ ತಗ್ಗಿಸಿದಳು. "ನಿಮ್ಮ ಅಕ್ಕನ ಮಗಳು ಅಲ್ಲೇ ಅಲ್ವಾ? ನೀವೇ ಸ್ವೀಟ್ ಹಂಚಿದ್ರಿ."

ಹಂಚಿದ್ದ. ಎರಡು ವರ್ಷದ ಹಿಂದೆ, ಪ್ರತಿ ಮೇಜಿಗೂ ಹೋಗಿ. ನಮ್ಮ ಹುಡುಗಿ ಕಂಪನಿಯವಳಾದಳು ಎಂದು ಬೀಗಿದ್ದ. ಅಕ್ಕನಂತೂ ಮಗಳು ಕೊರಳಿಗೆ ಗುರುತಿನ ಬಿಲ್ಲೆ ಹಾಕಿಕೊಂಡ ಫೋಟೋವನ್ನು ಮನೆಗೆ ಬಂದವರ ಮೂಗಿಗೆ ಹಿಡಿಯುತ್ತಿದ್ದಳು. ಆ ಹುಡುಗಿ ಇದೇ ಕಟ್ಟಡದ ಎರಡನೇ ಮಹಡಿಯಲ್ಲಿದ್ದಾಳೆ ಎನ್ನುವುದು ಗೋಂದಣ್ಣನಿಗೆ ಗೊತ್ತಿತ್ತು. ಹಿಂದಿನ ಎರಡು ಸಲವೂ ಲಿಫ್ಟು ಎರಡರಲ್ಲಿ ನಿಂತಾಗ ತಲೆ ತಗ್ಗಿಸಿಕೊಂಡಿದ್ದ. ಇವತ್ತು ಬೆಳಗ್ಗೆಯಿಂದ ಆ ಯೋಚನೆಯನ್ನು ಬಾಯಲ್ಲಿ ಕಲ್ಲು ಇಟ್ಟುಕೊಂಡವನಂತೆ ಇಟ್ಟುಕೊಂಡು ತಿರುಗುತ್ತಿದ್ದ. ಉಗಿಯಲೂ ಆಗಿರಲಿಲ್ಲ, ನುಂಗಲೂ ಆಗಿರಲಿಲ್ಲ.

"ನೋಡ್ತೀನಿ ಮೇಡಂ," ಅಂದ.

ಲಿಫ್ಟು ಬಿಟ್ಟು ಮೆಟ್ಟಿಲಿಳಿದ. ಮೂವತ್ತೊಂದು ವರ್ಷದಲ್ಲಿ ಅವನ ಕೈಯಿಂದ ನೋಟಿಸು ಪಡೆದವರು ಎಂಥವರು? ಮೂಲೆಯ ಕ್ಷೌರದವನು, ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು ಸಹಿ ಹಾಕಿದ. ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದ ವಿಧವೆ ಹಿಟ್ಟಿನ ಕೈಯಲ್ಲೇ ಪೆನ್ನು ಹಿಡಿದಳು. ಅವಳ ಹೆಬ್ಬೆಟ್ಟಿನ ಬಿಳಿ ಗುರುತು ರಸೀದಿಯ ಮೇಲೆ ಹಾಗೇ ಕಡತ ಸೇರಿತು. ಕುರ್ಚಿ ಬಾಡಿಗೆಗೆ ಕೊಡುವವನು ಬಾಡಿಗೆಯ ಕುರ್ಚಿಯಲ್ಲೇ ಕೂರಿಸಿ, ನೀರು ಕೊಟ್ಟು, ಆಮೇಲೆ ಅತ್ತ. ಅವರಲ್ಲಿ ಒಬ್ಬರೂ ನಾನು ಇಲ್ಲಿಲ್ಲ ಅನ್ನಲಿಲ್ಲ. ಕಾಗದ ಚಾಚಿದರೆ ಕೈ ಚಾಚಿದರು. ಆ ಮನೆಗಳಿಂದ ವಾಪಸು ಬರುವಾಗ ಗೋಂದಣ್ಣ ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು ಒಂದೇ: ಕಾನೂನು ಎಲ್ಲರಿಗೂ ಒಂದೇ, ದೊಡ್ಡವರ ಸರದಿಯೂ ಬರುತ್ತೆ, ಆ ಕಾಗದವನ್ನೂ ಇದೇ ಕೈ ಕೊಡುತ್ತೆ. ಆ ಒಂದು ಮಾತಿನ ಮೇಲೆ ಅವನು ಅಷ್ಟು ವರ್ಷ ಅನ್ನ ತಿಂದಿದ್ದ. ಇವತ್ತು ಐದು ಗಂಟೆಯಾದರೆ ಆ ಮಾತು ಹೋಗುತ್ತದೆ. ಉಳಿಯುವುದು ಬಡವರ ಬಾಗಿಲಿಗೆ ಗೋಂದು ಬಳಿದವನು, ಅಷ್ಟೇ.

ಎರಡನೇ ಮಹಡಿಯಲ್ಲಿ ಹೆಸರಿನ ಹಲಗೆಯೇ ಇರಲಿಲ್ಲ. ಬಾಗಿಲ ಬಳಿಯಿದ್ದವನ ಕೈಯಲ್ಲಿ ಹೇಳಿ ಕಳಿಸಿ ಅರ್ಧ ಗಂಟೆ ಕಾದ ಮೇಲೆ ಅವಳು ಹೊರಗೆ ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

"ಮಾವ? ಅಮ್ಮನಿಗೆ ಏನಾಯ್ತು?"

"ಏನೂ ಆಗಿಲ್ಲ. ಚೆನ್ನಾಗಿದಾಳೆ. ಬೆಳಗ್ಗೆ ಕೂಡ ನನ್ನ ಬೈದ್ಲು."

ಅವಳ ಉಸಿರು ಸಡಿಲಾಯಿತು. "ಒಂಬತ್ತು ನಿಮಿಷ ಇದೆ ನಂಗೆ. ಬಾ, ಮೆಟ್ಟಿಲ ಹತ್ರ."

ಮೆಟ್ಟಿಲಿನ ತಿರುವಿನಲ್ಲಿ ಕಿಟಕಿ ಇತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು, ಎರಡೂ ಬದಿ ಕಾಣುವಂತೆ ನಿಂತಳು. ಇತ್ತೀಚೆಗೆ ಮನೆಯಲ್ಲೂ ಅವಳು ನಿಲ್ಲುವುದು ಹೀಗೆಯೇ ಎಂದು ಗೋಂದಣ್ಣನಿಗೆ ಆಗ ಹೊಳೆಯಿತು. ಅವನು ಸುತ್ತಿ ಬಳಸದೆ ವಿಷಯ ಹೇಳಿದ. ಚೀಲದಿಂದ ಲಕೋಟೆ ತೆಗೆದ.

"ತಗೋ. ಇಲ್ಲಿ ಒಂದು ಸೈನು. ನೀನು ತಪ್ಪು ಮಾಡಿದ ಹಾಗೇನೂ ಅಲ್ಲ. ಕಂಪನಿಯವಳಾಗಿ ಟಪಾಲು ತಗೊಂಡ ಹಾಗೆ."

ಅವಳು ಲಕೋಟೆಯ ಮೇಲಿದ್ದ ಹೆಸರು ಓದಿದಳು. ಮೆಲ್ಲಗೆ ನಕ್ಕಳು. ಕೊರಳಿನ ಬಿಲ್ಲೆಯನ್ನು ಎತ್ತಿ ಹಿಂದುಮುಂದು ಮಾಡಿ ಅವನ ಕಣ್ಣ ಮುಂದೆ ಹಿಡಿದಳು. ಅಕ್ಕ ತೋರಿಸುವ ಫೋಟೋದಲ್ಲಿ ಕಾಣುವ ಬದಿಯಲ್ಲಿ ಇವಳ ಮುಖ, ಒಂದು ಸಂಖ್ಯೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅವನು ಎಂದೂ ಕೇಳಿರದ ಒಂದು ಹೆಸರು.

"ಇದ್ಯಾರು?"

"ನಂಗೆ ಸಂಬಳ ಕೊಡೋರು. ಇವರಿಗೆ ಕೆಲಸ ಕೊಡೋರು ಇನ್ನೊಬ್ರು. ಅವರಿಗೆ ಕೊಡೋರು ಯಾರೋ, ನಂಗೂ ಗೊತ್ತಿಲ್ಲ. ನಿನ್ನ ಕಂಪನಿ ಹೆಸರನ್ನ ನಾವು ಒಳಗೆ ಬಾಯಿ ಬಿಟ್ಟು ಹೇಳೋ ಹಾಗೂ ಇಲ್ಲ. 'ಗಿರಾಕಿ' ಅನ್ಬೇಕು. ಹನ್ನೊಂದು ಪುಟಕ್ಕೆ ಸೈನ್ ಹಾಕಿದೀನಿ."

"ಮತ್ತೆ ಚಿತ್ರ ವಿಭಾಗ ಅಂದಿದ್ಯಲ್ಲ?"

"ಚಿತ್ರಾನೇ." ಅವಳು ಕಿಟಕಿಯ ಕಡೆ ತಿರುಗಿದಳು. "ಜನ ಹಾಕಿದ್ರಲ್ಲಿ ಬೇರೆಯವರು ನೋಡ್ಬಾರದ್ದು ಇರುತ್ತಲ್ಲ. ಅದನ್ನ ನಾವು ನೋಡ್ತೀವಿ. ನೋಡಿ ತೆಗೀತೀವಿ. ದಿನಕ್ಕೆ ಎಂಟುನೂರು."

"ಎಂಥದ್ದು?"

"ಕೇಳ್ಬೇಡ."

ಪಕ್ಕದ ಮನೆಯವರು ಮಗು ಎತ್ತಿಕೊಂಡು ಬಂದರೆ ಅವಳು ಎದ್ದು ಒಳಗೆ ಹೋಗುವುದು, ಮನೆಗೆ ಬಂದೊಡನೆ ಫೋನನ್ನು ಟವೆಲ್ಲಿನಲ್ಲಿ ಸುತ್ತಿ ಡ್ರಾಯರಿನಲ್ಲಿ ಇಡುವುದು, ಅದನ್ನು ನೋಡಿ ಅಕ್ಕ ಹೆಮ್ಮೆಯಿಂದ, "ಕಂಪನಿಯವಳೇ ಫೋನ್ ಮುಟ್ಟಲ್ಲ, ನಾವೇ ಹುಚ್ಚು ಮುಂಡೇವು" ಎನ್ನುವುದು, ಅದಕ್ಕೆ ತಾನು ಹೊಟ್ಟೆ ಹಿಡಿದು ನಕ್ಕಿದ್ದು ಒಂದರ ಹಿಂದೆ ಒಂದು ನೆನಪಾಗಿ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಲಕೋಟೆ ತೊಡೆಯ ಮೇಲಿತ್ತು.

"ಯಾಕೆ ಹೇಳ್ಲಿಲ್ಲ?"

"ನೀನು ಸ್ವೀಟ್ ಹಂಚಿಬಿಟ್ಟಿದ್ಯಲ್ಲ ಮಾವ," ಅಂದಳು.

ಮೇಲೆ, ಐದನೇ ಮಹಡಿಯ ಕಡೆ, ಯಾರೋ ಬಕೆಟ್ಟು ಎಳೆದರು. ಗಾಜು ಒರೆಸುವವಳು ನಾಳೆಗೆ ಕಾಯಲಿಲ್ಲ ಎಂದುಕೊಂಡ ಗೋಂದಣ್ಣ.

"ಈ ತೆರಿಗೆ ಬಂದಿದ್ರೆ ಏನಾಗ್ತಿತ್ತು?" ಅವಳು ಕೇಳಿದಳು. "ನಂಗೆ ಅಂತಲ್ಲ. ಸುಮ್ನೆ."

"ಗೊತ್ತಿಲ್ಲ. ಎಲ್ಲೋ ಒಂದು ಸೇತುವೆ, ಯಾವುದೋ ಆಸ್ಪತ್ರೆಗೆ ನಾಲ್ಕು ಹಾಸಿಗೆ. ತಿನ್ನೋರು ತಿಂದು ಉಳಿದಿದ್ರೆ. ನಾನು ಅದಕ್ಕೆ ಓಡಾಡಿದ್ದಲ್ಲ ಪುಟ್ಟಿ. ಕೇಕಿನವಳು ಕಟ್ಟಿದಾಳೆ. ಇವರೂ ಕಟ್ಲಿ ಅಂತ ಅಷ್ಟೇ."

"ಈಗ ಕಟ್ಟಲ್ಲ."

"ಕಟ್ಟಲ್ಲ."

ಅವಳು ಕೈಗಡಿಯಾರ ನೋಡಿಕೊಂಡಳು. ಇನ್ನು ಮೂರು ನಿಮಿಷ. ಹೊರಡುತ್ತಾಳೆ ಎಂದುಕೊಂಡ. ಅವಳು ಒಂದು ಮೆಟ್ಟಿಲು ಕೆಳಗಿಳಿದು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಪೆನ್ ಕೊಡು. ಸೈನ್ ಹಾಕ್ತೀನಿ."

"ನೀನು ಅವರವಳಲ್ಲ ಅಂದ್ಯಲ್ಲ ಈಗ."

"ನಿಮ್ಮ ಮೇಡಂಗೆ ಅವರ ಕೆಲಸ ಮಾಡೋರು ಬೇಕು ತಾನೇ? ನಾನು ಮಾಡೋದು ಯಾರ ಕೆಲಸ ಮತ್ತೆ? ಮೇಲೆ ಆ ಗಾಜಿನ ಬಾಗಿಲು ಒರೆಸ್ತಾರಲ್ಲ, ಹಾಗೆ ಅವರ ಪುಟಾನ ಎರಡು ವರ್ಷದಿಂದ ಒರೆಸ್ತಾ ಇದೀನಿ. ನಾನು ಒರೆಸದಿದ್ರೆ ಅಮ್ಮನಿಗೆ ಅದನ್ನ ಫೋನಲ್ಲಿ ಹತ್ತು ನಿಮಿಷ ತೆರೆದು ನೋಡೋಕೆ ಆಗ್ತಿರ್ಲಿಲ್ಲ."

"ಅವರ ವಕೀಲ ಎದ್ದು ನಿಂತು ಯಾರಿವಳು ಅಂತಾನೆ. ನಮ್ಮವಳಲ್ಲ ಅಂತಾನೆ. ಅಷ್ಟು ಹೊತ್ತಿಗೆ ನಿಮ್ಮ ಆಫೀಸಿನವರೂ ನಿನ್ನ ತೆಗೆದು, ನಮ್ಮವಳೂ ಅಲ್ಲ ಅಂದಿರ್ತಾರೆ. ಆ ಹನ್ನೊಂದು ಪುಟ ಹಿಡ್ಕೊಂಡು ನಿನ್ನ ಮೇಲೇ ಕೇಸು ಹಾಕ್ತಾರೆ. ಕಾಗದ ಕೋರ್ಟಲ್ಲಿ ಒಂದು ವಾಯಿದೇನೂ ನಿಲ್ಲಲ್ಲ."

"ನಿಲ್ಲದಿದ್ರೆ ಬೇಡ." ಅವಳ ದನಿ ಏರಲಿಲ್ಲ, ನಡುಗಲೂ ಇಲ್ಲ, ತಟ್ಟೆ ತೊಳೆಯುವವರ ದನಿಯಂತಿತ್ತು. "ಒಂದೇ ಒಂದು ಸರ್ಕಾರಿ ಕಾಗದದಲ್ಲಾದ್ರೂ ನಾನು ಅವರ ಕೆಲಸ ಮಾಡಿದ್ದೆ ಅಂತ ಇರ್ಲಿ ಮಾವ. ನಾಳೆ ನಂಗೆ ತಲೆ ಕೆಟ್ರೆ, ಯಾಕೆ ಕೆಟ್ಟಿತು ಅಂತ ಕೇಳೋರಿಗೆ ತೋರ್ಸೋಕೆ ಒಂದು ಹಾಳೆ ಇರ್ಲಿ."

ಅವನ ಜೇಬಿನಿಂದ ಅವಳೇ ಪೆನ್ನು ಎಳೆದುಕೊಂಡಳು. ರಸೀದಿಯ ಹಾಳೆಯನ್ನು ಅವನ ಮಂಡಿಯ ಮೇಲೆ ಹರವಿ ನೇರ ಮಾಡಿದಳು. ಅಲ್ಲಿ ಚುಕ್ಕಿಗಳ ಒಂದು ಗೆರೆ ಇತ್ತು, ಹೆಸರು ಬರೆಯಲು. ಅಷ್ಟು ತುಂಬಿದರೆ ಸಾಕಿತ್ತು. ಮೇಡಂ ಐದಕ್ಕೆ ಮೊದಲೇ ಕಡತಕ್ಕೆ ಸೇರಿಸುತ್ತಿದ್ದಳು, ನಾಳೆ ಒಂದು ದಿನ ಇಲಾಖೆಯೆಲ್ಲ ಗೋಂದಣ್ಣ ಗೋಂದಣ್ಣ ಎನ್ನುತ್ತಿತ್ತು. ದೊಡ್ಡವರ ಸರದಿ ಬಂದಿತ್ತು ಎಂದು ಕ್ಷೌರದವನಿಗೆ ಹೇಳಬಹುದಿತ್ತು. ಅಕ್ಕನ ಮಗಳ ಕೈ ಅವನ ಮುಂದೆ ಚಾಚಿತ್ತು, ಬೆರಳಿನ ತುದಿಗಳು ದಿನವಿಡೀ ಒತ್ತಿ ಒತ್ತಿ ಚಪ್ಪಟೆಯಾಗಿದ್ದವು. ಅವನು ಚಾಚಿದ ಕಾಗದಕ್ಕೆ ಈವರೆಗೆ ಚಾಚಿಕೊಂಡು ಬಂದ ಕೈಗಳೆಲ್ಲ ಹೀಗೆಯೇ ಇದ್ದವು. ಹಿಟ್ಟಿನ ಕೈ, ಸೋಪಿನ ನೊರೆಯ ಕೈ. ಇಷ್ಟು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಇಂಥ ಕೈಗಳು ಮಾತ್ರ.

ಅವನು ಹಾಳೆಯನ್ನು ಅವಳ ಪೆನ್ನಿನ ತುದಿಯ ಕೆಳಗಿನಿಂದ ಎಳೆದುಕೊಂಡು ನಾಲ್ಕಾಗಿ ಮಡಿಸಿದ.

"ಮಾವ, ನನ್ನ ಟೈಮ್ ಮುಗೀತಾ ಇದೆ. ಕೊಡು."

"ಕೊಡಲ್ಲ," ಅಂದ ಗೋಂದಣ್ಣ. "ನಿನ್ನ ಸೈನು ನಂಗೆ ಬೇಡ."