ಒಹಾಯೋದಲ್ಲಿ ಐದು ಹೊಡೆಯುವ ಮೊದಲು

ಫೋನಿನಲ್ಲಿ ಮತ್ತೆ ಆ ಪಿಟೀಲು, ಬೆಕ್ಕಿನ ಬಾಲ ತುಳಿದ ಹಾಗೆ ಒಂದು ಕೀರಲು ಎಳೆದು ಮತ್ತೆ ಮೊದಲಿಗೇ ಬಂತು, ಇದು ಎರಡು ಸಾವಿರದ ಎಂಟನೇ ಸಲ, ಒಂದೂ ಕಡಿಮೆಯಿಲ್ಲ, ಎಣಿಕೆಯಲ್ಲಿ ಎರ್ಲೀನ್ ಪ್ರೂಯಿಟ್‌ಳನ್ನು ಮೀರಿಸುವವರು ಒಹಾಯೋ ನದಿಯ ಎರಡೂ ದಂಡೆಯಲ್ಲಿ ಹುಟ್ಟಿಲ್ಲ — ಫೋನು ಕಾದ ಹೆಂಚಾಗಿದೆ, ಎಡಗಿವಿ ಸುಟ್ಟರೆ ಬಲಗಿವಿಗೆ, ಬಲಗಿವಿ ಸುಟ್ಟರೆ ಎಡಗಿವಿಗೆ, ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ, ಕಾಯ್ತೀನಿ ಕಣೇ, ನೀನು ಸುಸ್ತಾಗಬೇಕು ಅಷ್ಟೇ, ನಾನಲ್ಲ, ಇಡೀ ಚಳಿಗಾಲ ಹೆರಿಗೆ ನೋವು ತಿಂದವಳ ಮಗಳು ನಾನು — ಎಡಗೈಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು, ಅದು ಒಹಾಯೋದ ಹೊತ್ತು, ಬಲಗೈಯದರಲ್ಲಿ ಒಂದು ಇಪ್ಪತ್ತು, ಅದು ಅರಿಜೋನಾದ್ದು, ಒಹಾಯೋದಲ್ಲಿ ಐದು ಹೊಡೆದರೆ ಅಲ್ಲಿನ ಕಚೇರಿ ಮುಚ್ಚುತ್ತದೆ, ಇವತ್ತೇ ಕಡೇ ದಿನ, ತೊಡೆಯ ಮೇಲಿರುವ ಕಾಗದ ಹಾಗೆನ್ನುತ್ತದೆ, ಇಂದಿನೊಳಗೆ ಫೋನಿನಲ್ಲಿ ವಿವರಣೆ ನೀಡದಿದ್ದಲ್ಲಿ ಅರ್ಜಿದಾರರು ಬೇರೆ ರಾಜ್ಯದಲ್ಲಿ ನೆಲೆಸುವ ಸಲುವಾಗಿ ತಾವೇ ಕೆಲಸ ಬಿಟ್ಟರೆಂದು ಪರಿಗಣಿಸಿ ನಿರುದ್ಯೋಗ ಭತ್ಯೆಯನ್ನು ನಿರಾಕರಿಸಲಾಗುವುದು — ತಾವೇ! ಇಪ್ಪತ್ತೆರಡು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪಿಗೆ ಕಿವಿ, ಅಂದರೆ ಹಿಡಿ, ಅಂಟಿಸಿದವಳು, ಅವಳ ಕಪ್ಪುಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನವರೆಗೆ ಹತ್ತಿ ಅಲ್ಲೊಂದು ಕಾಫಿ ಕುಡಿದು ಇಳಿದು ಬರಬಹುದು, ಅಂಥವಳು ತಾನೇ ಬಿಟ್ಟಳಂತೆ, ಹಲಗೆಯ ಮೇಲೆ ಆ ಹನ್ನೊಂದನೇ ಕಪ್ಪು — ಬೇಡ, ಅದು ಈಗ ಬೇಡ.

ಅರಿಜೋನಾದ ಈ ಉದ್ಯೋಗ ಕಚೇರಿಯ ಕೌಂಟರಿನಲ್ಲಿ ಕೂರುವ ಮೀಸೆಯ ಓಚೋವಾ ಬೆಳಿಗ್ಗೆಯೇ ಹೇಳಿದ್ದ, ಮೇಡಂ, ನೀವು ದುಡಿದ ರಾಜ್ಯವೇ ಭತ್ಯೆ ಕೊಡಬೇಕು, ನೀವೀಗ ಎಲ್ಲೇ ಇರಿ, ಇಲ್ಲಿ ನಾವು ಕೆಲಸ ಹುಡುಕ್ತಿದ್ದೀರಿ ಅಂತ ಹೆಸರು ಬರ್ಕೋತೀವಿ ಅಷ್ಟೇ, ಉಳಿದದ್ದೆಲ್ಲ ಒಹಾಯೋದವರದ್ದು, ಬೇಕಾದ್ರೆ ಆ ಮೂಲೇಲಿ ಕೂತು ಫೋನ್ ಮಾಡಿ, ತಂಪಾಗಿದೆ — ತಂಪೇನು ತಂಪು, ಹಿಮಕರಡಿ ಬಂದರೆ ಶಾಲು ಕೇಳುತ್ತದೆ, ಹೊರಗೆ ಮಾತ್ರ ಟೂಸಾನಿನ ಬಿಸಿಲು ಕಾರಿನ ಬಾಗಿಲು ಮುಟ್ಟಿದವರ ಬೆರಳಿನ ಗುರುತನ್ನೇ ಕರಗಿಸುತ್ತದೆ, ತಂಗಿ ಟ್ವೈಲಾ ಇಲ್ಲೇ ಹದಿನೈದು ವರ್ಷದಿಂದ ಇದ್ದಾಳೆ, ಒಣಗಿ ಒಣಗಿ ಕಡ್ಡಿಯಾಗಿದ್ದಾಳೆ, ಸೊಂಟದ ಮೂಳೆ ಮುರಿದುಕೊಂಡು, ಬಾರೇ ಎರ್ಲೀನ್, ಒಬ್ಬಳ ಕೈಲಿ ಆಗಲ್ಲ ಎಂದು ಅತ್ತಿದ್ದು ಮಾರ್ಚ್‌ನಲ್ಲಿ, ಕಾರ್ಖಾನೆ ನಿಂತದ್ದು ಫೆಬ್ರವರಿ ಹನ್ನೆರಡಕ್ಕೆ, ಫೆಬ್ರವರಿ ಮೊದಲು ಬರುತ್ತದೆ ಮಾರ್ಚ್ ಆಮೇಲೆ, ಇದು ನಾಲ್ಕು ವರ್ಷದ ಕೂಸಿಗೂ ಗೊತ್ತು, ಆದರೆ ಅರ್ಜಿಯಲ್ಲಿ ಈಗೆಲ್ಲಿದ್ದೀರಿ, ಯಾಕೆ ಎಂದು ಕೇಳಿದ ಕಡೆ ತಂಗಿಗೆ ಸೊಂಟ ಮುರಿದಿದೆ ಎಂದು ಉದ್ದಕ್ಕೆ ಬರೆದದ್ದು ಯಾರು, ಜಾಗ ಸಾಲದೆ ಅಂಚಿನಲ್ಲೂ ಬರೆದದ್ದು ಯಾರು, ನಾನೇ, ಬಾಯಿಯ ಹಾಗೇ ಪೆನ್ನನ್ನೂ ಹರಿಯಬಿಟ್ಟವಳು ನಾನೇ. ಅದಕ್ಕೇ ಅವರಿಗೆ ಅನುಮಾನ, ಅದಕ್ಕೇ ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡುತ್ತೇವೆಂದು ಕಾಗದ, ಒಹಾಯೋದ ಒಂಬತ್ತು, ಟ್ವೈಲಾ ಎಂದಳು ಎರಡು ಗಂಟೆ ವ್ಯತ್ಯಾಸ ಕಣೇ, ಹದಿನೈದು ಕ್ರಿಸ್‌ಮಸ್‌ಗೂ ನಿಂಗೆ ಫೋನ್ ಮಾಡಿದ್ದೀನಿ, ನಂಗೊತ್ತಿಲ್ವಾ, ಏಳಕ್ಕೆ ರೆಡಿಯಾಗು ಸಾಕು — ಹೌದು, ಕ್ರಿಸ್‌ಮಸ್‌ಗೆ ಎರಡೇ, ಆದರೆ ಮಾರ್ಚ್‌ನಲ್ಲಿ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಈ ಅರಿಜೋನಾ ಮಾತ್ರ ಹಠಮಾರಿ ಕತ್ತೆಯಂತೆ ನಿಂತಲ್ಲೇ ನಿಲ್ಲುತ್ತದೆ, ಎರಡು ಗಂಟೆ ಮೂರಾಗುತ್ತದೆ, ಆರೂವರೆಗೇ ತಲೆ ಬಾಚಿ ತುಟಿಗೆ ಬಣ್ಣ ಹಚ್ಚಿ, ಫೋನಿಗೆ ಮುಖ ಕಾಣದಿದ್ದರೇನಂತೆ, ರಾಣಿಯಂತೆ ಕೂತಿದ್ದಳು, ಫೋನು ಆರಕ್ಕೇ ಬಂದು ಹೋಗಿತ್ತು, ಆಗ ಅವಳು ಸ್ನಾನದ ಮನೆಯಲ್ಲಿ ಹಾಡು ಹೇಳುತ್ತಿದ್ದಳು, ಆ ಹಾಡು ಕೇಳಿದ್ದರೆ ಭತ್ಯೆಯ ಜೊತೆಗೆ ಪದಕವನ್ನೂ ಕೊಡುತ್ತಿದ್ದರು.

ಬಿಟ್ಟಾಕೇ ಅತ್ಲಾಗೆ, ಎಂದಿದ್ದಳು ಟ್ವೈಲಾ ಆಗ, ಮೂಲೆ ಅಂಗಡೀಲಿ ಬಟ್ಟೆ ಒಗೆಯೋರು ಬೇಕಂತೆ — ಒಗೀತೀನಿ, ಯಾರು ಬೇಡ ಅಂದ್ರು, ಇಡೀ ಊರಿನ ಬಟ್ಟೆಯನ್ನು ಒಂದೇ ಕೈಯಲ್ಲಿ ಒಗೆದು ಇನ್ನೊಂದು ಕೈಯಲ್ಲಿ ಒಣಹಾಕ್ತೀನಿ, ಮೊದಲ ಸಂಬಳ ಸಿಗೋವರೆಗೆ ತಿನ್ನೋದೇನು, ನಿನ್ನ ಸೊಂಟದ ಮಾತ್ರೆ ತರೋದು ಯಾರು, ಅದೂ ಇರಲಿ, ತಾವೇ ಎಂಬ ಆ ಎರಡಕ್ಷರವನ್ನು ಅಳಿಸದೆ ಈ ಕುರ್ಚಿಯಿಂದ ಏಳುವುದಿಲ್ಲ, ಬೇಕಾದರೆ ಕುರ್ಚಿಯ ಜೊತೆಗೇ ಹೂಳಲಿ — ನಾಲ್ಕು ನಲವತ್ತು — ಓಚೋವಾ ಊಟ ಮುಗಿಸಿ ಬಂದ, ಮೇಡಂ, ಇನ್ನೂ ಇದ್ದೀರಾ, ನಮ್ಮಮ್ಮ ಮಾಡಿದ ಟಮಾಲೆ ಒಂದು ಉಳಿದಿದೆ, ತಗೊಳ್ಳಿ, ಒಂದೇನಪ್ಪಾ, ನಮ್ಮೂರಲ್ಲಿ ಕೂತ್ರೆ ನಲವತ್ತು ತಿಂತೀನಿ, ಹಾಗಾದ್ರೆ ನಿಮಗೇ ಬೇಯಿಸ್ತಾ ಕೂತು ನಮ್ಮಮ್ಮನ ಕೆಲಸಾನೂ ಹೋಗುತ್ತೆ, ಆಮೇಲೆ ಈ ಕುರ್ಚೀಲಿ ಅವಳನ್ನ ಕೂರಿಸಬೇಕಾಗುತ್ತೆ, ಎಂದ, ಎರ್ಲೀನ್ ನಕ್ಕಳು, ಪಿಟೀಲು ಕೀರಿತು, ಟಮಾಲೆಯ ಬೆಂದ ಜೋಳದ ಹಿಟ್ಟು ಬೆರಳಿಗೆ ಮೆತ್ತಗೆ ಅಂಟಿತು, ಜೇಡಿಮಣ್ಣಿನ ಹಾಗೆ, ಕಪ್ಪಿನ ಕಿವಿಯ ಎರಡು ತುದಿಗೆ ಮಣ್ಣಿನ ಗಂಜಿ ಮುಟ್ಟಿಸಿ, ಒತ್ತಿ, ಹೆಬ್ಬೆರಳಿನಲ್ಲಿ ಒಂದೇ ಸಲ ಸವರಬೇಕು, ಎರಡನೇ ಸಲ ಸವರಿದವಳು ಕಲಿಯದವಳು, ಹತ್ತು ಸವರಿಯಾಗಿತ್ತು, ಹನ್ನೊಂದನೆಯದು — ಬೇಡ ಅಂದೆನಲ್ಲ — ನಾಲ್ಕು ಐವತ್ತೆರಡು, ಐವತ್ಮೂರು, ಹಲೋ, ಅರ್ಜಿ ವಿಭಾಗ, ಹೆಸರು ಹೇಳಿ.

ಹೆಣ್ಣಿನ ದನಿ, ಮೂಗು ಕಟ್ಟಿದೆ, ಒಹಾಯೋದಲ್ಲಿ ಇನ್ನೂ ಚಳಿ. ಭಾಷಣ ಸಿದ್ಧವಿತ್ತು, ಮೂರು ದಿನದಿಂದ ಟ್ವೈಲಾಳ ಕನ್ನಡಿಯ ಮುಂದೆ ಕಾಯಿಸಿ ಬಡಿದು ಹದ ಮಾಡಿದ್ದಳು, ನಾಲ್ಕು ಸಾವಿರ ಜನ ಗೇಟಿನಲ್ಲಿ ಗೋಳಾಡಿದ್ದು, ಮಾಲೀಕ ಮೊಣಕಾಲೂರಿ ಕ್ಷಮೆ ಕೇಳಿದ್ದು, ಚಿಮಣಿ ತಾನಾಗಿ ಬಾಗಿದ್ದು, ಒಂದಕ್ಷರವೂ ನಿಜವಲ್ಲ, ಎಲ್ಲವೂ ಅದ್ಭುತ — ಮೇಡಂ, ನಿಮ್ಮ ತಂಗಿ ವಿಷಯ ಓದ್ದೆ, ನಂಗೆ ಅದು ಬೇಡ, ಕಡೇ ದಿನ ಏನಾಯ್ತು ಅದನ್ನ ಹೇಳಿ, ನೀವು ಹೇಳಿದ ಹಾಗೇ ಟೈಪ್ ಮಾಡ್ತೀನಿ, ಅದೇ ದಾಖಲೆ, ಬೇಗ ಹೇಳಿ, ಏಳು ನಿಮಿಷ ಇದೆ — ಬಾಯಿ ತೆರೆದಳು, ನಾಲ್ಕು ಸಾವಿರ ಜನ ಎಲ್ಲಿ ಹೋದರೋ, ಚಿಮಣಿ ಎಲ್ಲಿ ಹೋಯಿತೋ, ಹಲಗೆ ಮೇಲೆ ಇಪ್ಪತ್ನಾಲ್ಕು ಕಪ್ಪಿತ್ತು, ಎಂದಳು, ಹತ್ತಕ್ಕೆ ಕಿವಿ ಅಂಟಿಸಿದ್ದೆ. ಮೇಸ್ತ್ರಿ ಬಂದು ಬೆಲ್ಟ್ ನಿಲ್ಲಿಸಿದ. ಎರ್ಲೀನ್, ಸಾಕು, ಕೆಳಗಿಡು ಅಂದ. ಇದೊಂದು ಅಂಟಿಸಿಬಿಡ್ತೀನಿ ಅಂದೆ. ಬೇಡ, ಇವತ್ತಿಂದ ಯಾವುದೂ ಬೇಡ, ಎಲ್ಲಾರೂ ಮನೆಗೆ ಹೋಗಿ ಅಂದ.

ಆಚೆ ಟೈಪಿನ ಟಕಟಕ, ಟಕಟಕ, ನಿಂತಿತು. ಅಂದ್ರೆ ನಿಲ್ಸಿದ್ದು ಅವರು, ನೀವು ಬಿಟ್ಟಿದ್ದಲ್ಲ, ಹಾಗೇ ಹಾಕಿದೀನಿ ಮೇಡಂ, ಭತ್ಯೆಗೇನೂ ತೊಂದರೆ ಇಲ್ಲ, ಭಾನುವಾರದಿಂದ ವಾರದ ಅರ್ಜಿ ತುಂಬಿ, ಇನ್ನೇನಾದ್ರೂ ಸೇರಿಸಬೇಕಾ — ಈಗ ಕುಣಿಯಬೇಕು, ಓಚೋವಾನನ್ನು ಎತ್ತಿ ಗಿರಗಿರ ತಿರುಗಿಸಬೇಕು, ಟ್ವೈಲಾಳಿಗೆ ಫೋನ್ ಮಾಡಿ ಒಹಾಯೋ ಸರ್ಕಾರವನ್ನೇ ಮಣಿಸಿದೆ ಎನ್ನಬೇಕು, ಮೇಡಂ, ಇದ್ದೀರಾ, ಇದ್ದೀನಿ, ಹನ್ನೊಂದನೇದು, ಏನು ಮೇಡಂ, ಹನ್ನೊಂದನೇ ಕಪ್ಪು, ಮುಂದೇ ಇತ್ತು, ಕಿವಿ ನನ್ನ ಅಂಗೈಲಿತ್ತು, ಒದ್ದೆ ಇತ್ತು, ಇನ್ನೂ ಒದ್ದೆ ಇತ್ತು